ಮೊದಲ ಸ್ಥಾನ ಸಿಕ್ಕರೂ ಸರ್ಕಾರ ಸಿಗದ ಲೆಕ್ಕ: ಪೂರ್ವ ಜರ್ಮನಿಯ ವಿಧಾನಸಭೆಗಳಲ್ಲಿ ನಡೆಯುತ್ತಿರುವುದೇನು?

ಜರ್ಮನಿಯ ಪೂರ್ವ ಭಾಗದ ಸ್ಯಾಕ್ಸನಿ-ಅನ್‌ಹಾಲ್ಟ್ ರಾಜ್ಯದ ವಿಧಾನಸಭಾ ಚುನಾವಣೆ 2026ರ ಸೆಪ್ಟೆಂಬರ್ 6ಕ್ಕೆ ನಿಗದಿಯಾಗಿದೆ. ಕಟ್ಟಾ ಬಲಪಂಥೀಯ ಪಕ್ಷವಾದ ಎಎಫ್‌ಡಿ ಅಲ್ಲಿ ಶೇ 40ರ ಆಸುಪಾಸಿನಲ್ಲಿದೆ ಎಂದು 2025ರ ಶರತ್ಕಾಲದಿಂದ ಸಮೀಕ್ಷೆಗಳು ಹೇಳುತ್ತಿವೆ. ಈ ಸುದ್ದಿಯ ಬೆನ್ನಿಗೇ ಒಂದಕ್ಕೊಂದು ಒಗ್ಗದ ಎರಡು ಮಾತುಗಳು ಕೇಳಿಬರುತ್ತವೆ. ಉಳಿದ ಪಕ್ಷಗಳು ಕೈಜೋಡಿಸುವುದಿಲ್ಲವಾದ್ದರಿಂದ ಎಎಫ್‌ಡಿಗೆ ಅಧಿಕಾರ ಸಿಗದು ಎಂಬುದು ಒಂದು. ಯಾರ ನೆರವೂ ಇಲ್ಲದೆ ಅದು ಒಂಟಿಯಾಗಿಯೇ ಸರ್ಕಾರ ರಚಿಸಬಹುದು ಎಂಬುದು ಇನ್ನೊಂದು. ಜರ್ಮನಿಯಲ್ಲಿರುವುದು ಪ್ರಮಾಣಾನುಗುಣ ಪ್ರಾತಿನಿಧ್ಯ. ಪಡೆದ ಮತ ಎಷ್ಟೋ ಸ್ಥಾನವೂ ಅಷ್ಟೇ ಎನ್ನುವ ಪದ್ಧತಿಯಲ್ಲಿ ನೂರಕ್ಕೆ ನಲವತ್ತು ಮತ ಪಡೆದವರಿಗೆ ಬಹುಮತ ಬರುವುದಾದರೂ ಹೇಗೆ?

ಬರಬಹುದು. ಹೇಗೆ ಎಂಬುದು ತಿಳಿಯಬೇಕಾದರೆ 2024ರ ಸೆಪ್ಟೆಂಬರ್‌ನಲ್ಲಿ ಥೂರಿಂಗಿಯ, ಸ್ಯಾಕ್ಸನಿ ಮತ್ತು ಬ್ರಾಂಡೆನ್‌ಬರ್ಗ್ ರಾಜ್ಯಗಳಲ್ಲಿ ನಡೆದ ಚುನಾವಣೆಗಳನ್ನು ನೋಡಬೇಕು. ಯಾರು ಮೊದಲು ಬಂದರು ಎಂಬುದಕ್ಕಿಂತ ಮೂರು ಗೆರೆಗಳನ್ನು ಯಾರು ದಾಟಿದರು, ಯಾರು ದಾಟಲಿಲ್ಲ ಎಂಬುದೇ ಅಲ್ಲಿ ಹೆಚ್ಚು ಕೆಲಸ ಮಾಡಿತು. ಶೇ 5, ಮೂರನೇ ಒಂದು ಭಾಗ, ಅರ್ಧ ಇವೇ ಆ ಗೆರೆಗಳು.

ಎರಡು ಮತಗಳ ಪದ್ಧತಿ

ಜರ್ಮನಿಯಲ್ಲಿ 16 ರಾಜ್ಯಗಳಿವೆ. ಪೊಲೀಸ್, ಶಾಲೆ, ವಿಶ್ವವಿದ್ಯಾಲಯಗಳಂಥ ವಿಷಯಗಳು ರಾಜ್ಯಗಳ ಕೈಯಲ್ಲಿವೆ. ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ, ಚುನಾವಣಾ ಕಾಯ್ದೆ ಮತ್ತು ಶಾಸನಸಭೆ ಇದೆ. ಈ ಶಾಸನಸಭೆಗೆ ‘ಲಾಂಡ್‌ಟಾಗ್’ ಎನ್ನುತ್ತಾರೆ. ನಾವು ಹೇಳಹೊರಟ ರಾಜ್ಯಗಳಲ್ಲಿ ಮತದಾರನ ಕೈಗೆ ಬರುವ ಚೀಟಿಯಲ್ಲಿ ಎರಡು ಗುರುತು ಹಾಕಬೇಕು. ಮೊದಲನೆಯದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಎರಡನೆಯದು ಪಕ್ಷದ ಪಟ್ಟಿಗೆ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ನೇರವಾಗಿ ಸದನಕ್ಕೆ ಬರುತ್ತಾರೆ. ಆದರೆ ಒಂದು ಪಕ್ಷಕ್ಕೆ ಒಟ್ಟು ಎಷ್ಟು ಸ್ಥಾನ ಎಂಬುದನ್ನು ನಿರ್ಧರಿಸುವುದು ಎರಡನೆಯ ಮತ. ಕ್ಷೇತ್ರಗಳಲ್ಲಿ ಗೆದ್ದ ಸ್ಥಾನಗಳನ್ನು ಪಕ್ಷದ ಪಾಲಿನಿಂದ ಕಳೆದು, ಉಳಿದದ್ದನ್ನು ಪಟ್ಟಿಯಲ್ಲಿರುವ ಹೆಸರುಗಳಿಂದ ತುಂಬುತ್ತಾರೆ.

ಇದರ ಪರಿಣಾಮ ಥೂರಿಂಗಿಯದಲ್ಲಿ ಕಣ್ಣಿಗೆ ಹೊಡೆಯುವಂತಿತ್ತು. ಅಲ್ಲಿರುವುದು 44 ಕ್ಷೇತ್ರಗಳು. 2024ರ ಸೆಪ್ಟೆಂಬರ್ 1ರಂದು ಅವುಗಳಲ್ಲಿ 29ನ್ನು ಎಎಫ್‌ಡಿ ಗೆದ್ದಿತು. ನಮ್ಮ ವಿಧಾನಸಭೆ, ಲೋಕಸಭೆಗಳ ಪದ್ಧತಿಯೇ ಅಲ್ಲಿಯೂ ಇದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು: ಸದನದ ಸುಮಾರು ಮೂರನೇ ಎರಡು ಭಾಗ ಒಂದೇ ಪಕ್ಷದ್ದು. ಆದರೆ ಆ ಪಕ್ಷಕ್ಕೆ ಬಿದ್ದ ಪಟ್ಟಿ ಮತ ಶೇ 32.8 ಮಾತ್ರ. 88 ಸದಸ್ಯರ ಸದನದಲ್ಲಿ ಅದಕ್ಕೆ ಸಿಕ್ಕಿದ್ದು 32 ಸ್ಥಾನ. ಪಕ್ಷದ ನಾಯಕ ಬ್ಯೋರ್ನ್ ಹ್ಯೋಕೆ ತಮ್ಮ ಕ್ಷೇತ್ರದಲ್ಲಿ ಸೋತು ಪಟ್ಟಿಯ ಮೂಲಕ ಸದನ ಪ್ರವೇಶಿಸಿದರು. ಎಎಫ್‌ಡಿಯನ್ನು ಹೊರಗಿಡಲೆಂದೇ ಈ ವ್ಯವಸ್ಥೆ ಹೆಣೆದಿದ್ದಾರೆ ಎಂದು ದೂರುವವರು ಈ ಅಂಶವನ್ನು ಹೇಳುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲಿ ಬೆಳೆದ ಪದ್ಧತಿ ಇದು. ಆಗ ಈ ಪಕ್ಷ ಹುಟ್ಟಿರಲೇ ಇಲ್ಲ.

ಕರ್ನಾಟಕದ ಅಂಕಿಗಳನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. 2023ರಲ್ಲಿ ಕಾಂಗ್ರೆಸ್ ಶೇ 43ರಷ್ಟು ಮತಕ್ಕೆ 224ರಲ್ಲಿ 135 ಸ್ಥಾನ ಪಡೆಯಿತು, ಅಂದರೆ ಸದನದ ಶೇ 60. ಜೆಡಿಎಸ್‌ನ ಶೇ 13ರಷ್ಟು ಮತಕ್ಕೆ ದಕ್ಕಿದ್ದು 19 ಸ್ಥಾನ, ಸದನದ ಶೇ 8.5. ಥೂರಿಂಗಿಯದಲ್ಲಿ ಜೆಡಿಎಸ್‌ನಂತೆಯೇ ಮೂರನೆಯ ಸ್ಥಾನಕ್ಕೆ ಬಂದ ಬಿಎಸ್‌ಡಬ್ಲ್ಯು ಎಂಬ ಹೊಸ ಪಕ್ಷ ಶೇ 15.8 ಮತ ಪಡೆದು 15 ಸ್ಥಾನಗಳನ್ನು, ಅಂದರೆ ಸದನದ ಶೇ 17ರಷ್ಟು ಪಾಲನ್ನು ಪಡೆಯಿತು.

ಶೇ 5ರ ಗೆರೆ

ಪ್ರಮಾಣಾನುಗುಣ ಎಂದರೆ ಎಲ್ಲರಿಗೂ ಪಾಲು ಎಂದು ತಿಳಿಯಬಾರದು. ಶೇ 5ಕ್ಕಿಂತ ಕಡಿಮೆ ಮತ ಪಡೆದ ಪಕ್ಷಕ್ಕೆ ಸಾಮಾನ್ಯವಾಗಿ ಒಂದು ಸ್ಥಾನವೂ ಇಲ್ಲ. ಈ ಮಿತಿಯ ಹಿಂದೆ ಇತಿಹಾಸವಿದೆ. 1919ರಿಂದ 1933ರವರೆಗಿನ ವೈಮಾರ್ ಗಣರಾಜ್ಯದಲ್ಲಿ ಪ್ರತಿ 60,000 ಮತಕ್ಕೆ ಒಂದು ಸ್ಥಾನ ಎಂಬ ಲೆಕ್ಕವಿತ್ತು. ಸಂಸತ್ತು ಸಣ್ಣಪುಟ್ಟ ಪಕ್ಷಗಳಿಂದ ತುಂಬಿತು, ಸರ್ಕಾರಗಳು ಒಂದರ ಮೇಲೊಂದು ಬಿದ್ದವು. ಹಿಟ್ಲರ್ ಅಧಿಕಾರಕ್ಕೆ ಬರಲು ಇದೊಂದೇ ಕಾರಣವಲ್ಲ. ಆದರೆ ಯುದ್ಧಾನಂತರ ಹೊಸ ವ್ಯವಸ್ಥೆ ಕಟ್ಟಿದವರ ಮನಸ್ಸಿನಲ್ಲಿ ಆ ನೆನಪು ಗಟ್ಟಿಯಾಗಿತ್ತು. ಹಾಗಾಗಿ ಹೊಸ್ತಿಲು ಎತ್ತರಿಸಿದರು.

ಮಿತಿ ದಾಟದ ಪಕ್ಷಗಳ ಮತಗಳು ಸ್ಥಾನ ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ. ನೂರು ಮತಗಳಲ್ಲಿ ಹತ್ತು ಹೀಗೆ ಹೋದವು ಎಂದುಕೊಂಡರೆ ಸ್ಥಾನಗಳನ್ನು ಉಳಿದ ತೊಂಬತ್ತರ ಆಧಾರದ ಮೇಲೆ ಹಂಚುತ್ತಾರೆ. ಅಂದರೆ ಮಿತಿ ದಾಟಿದ ಪ್ರತಿ ಪಕ್ಷದ ಪಾಲೂ ಕುಳಿತಲ್ಲೇ ಒಂದಿಷ್ಟು ಹಿಗ್ಗುತ್ತದೆ. ದೊಡ್ಡ ಪಕ್ಷದ ಪಾಲು ಹೆಚ್ಚು ಹಿಗ್ಗುತ್ತದೆ. ಥೂರಿಂಗಿಯದಲ್ಲಿ ಪರಿಸರವಾದಿ ಪಕ್ಷ ಗ್ರೀನ್ಸ್ ಶೇ 3.2ಕ್ಕೂ ಮುಕ್ತ ಮಾರುಕಟ್ಟೆಯ ಪರವಾದ ಎಫ್‌ಡಿಪಿ ಶೇ 1.1ಕ್ಕೂ ಇಳಿದು ಹೊರಬಿದ್ದವು. ಇತರ ಸಣ್ಣ ಪಕ್ಷಗಳನ್ನೂ ಸೇರಿಸಿದರೆ ಶೇ 8.6 ಮತ ಲೆಕ್ಕದಿಂದ ಹೊರಗೆ ಹೋಯಿತು. ಎಎಫ್‌ಡಿಯ ಶೇ 32.8 ಮತ ಶೇ 36ಕ್ಕಿಂತ ಹೆಚ್ಚು ಸ್ಥಾನಗಳಾದದ್ದು ಹೀಗೆ.

ಒಂದು ಸ್ಥಾನ ಎಷ್ಟು ತೂಗುತ್ತದೆ?

ಎರಡನೆಯ ಗೆರೆ ಮೂರನೇ ಒಂದು ಭಾಗ. ರಾಜ್ಯದ ಸಂವಿಧಾನ ತಿದ್ದಲು ಸದನದ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ಥೂರಿಂಗಿಯದಲ್ಲಿ ರಾಜ್ಯದ ಸಾಂವಿಧಾನಿಕ ನ್ಯಾಯಾಲಯದ ನ್ಯಾಯಾಧೀಶರ ಆಯ್ಕೆಗೂ ಅವಧಿಗೆ ಮುನ್ನ ಸದನ ವಿಸರ್ಜಿಸುವುದಕ್ಕೂ ಅಷ್ಟೇ ಬೆಂಬಲ ಬೇಕು. ಮೂರನೇ ಒಂದಕ್ಕಿಂತ ಹೆಚ್ಚು ಸ್ಥಾನ ಒಂದೇ ಪಕ್ಷದ ಕೈಯಲ್ಲಿದ್ದರೆ, ಅದರ ಒಪ್ಪಿಗೆ ಇಲ್ಲದೆ ಈ ಯಾವ ಕೆಲಸವೂ ಆಗದು. ಸರ್ಕಾರದಲ್ಲಿ ಇಲ್ಲದಿದ್ದರೂ ಸರ್ಕಾರದ ಕೈ ಕಟ್ಟಬಲ್ಲ ಶಕ್ತಿ ಇದು. ಇದನ್ನು ತಡೆಬಲ ಎಂದು ಕರೆಯೋಣ.

ಸ್ಯಾಕ್ಸನಿಯಲ್ಲಿ ಈ ತಡೆಬಲ ಎಎಫ್‌ಡಿಗೆ ಒಂದು ರಾತ್ರಿ ಸಿಕ್ಕಿ ಮರುದಿನ ಕೈತಪ್ಪಿತು. ಥೂರಿಂಗಿಯ ಮತ ಹಾಕಿದ ದಿನವೇ ಅಲ್ಲಿಯೂ ಮತದಾನ ನಡೆದಿತ್ತು. ಮೊದಲು ಪ್ರಕಟವಾದ ಹಂಚಿಕೆಯ ಪ್ರಕಾರ 120 ಸ್ಥಾನಗಳಲ್ಲಿ ಮಧ್ಯ-ಬಲಪಂಥೀಯ ಸಿಡಿಯು ಪಕ್ಷಕ್ಕೆ 42, ಎಎಫ್‌ಡಿಗೆ 41. ಉಳಿದವರೆಲ್ಲ ಸೇರಿದರೆ 79. ಮೂರನೇ ಎರಡಕ್ಕೆ ಬೇಕಾದದ್ದು 80. ಮರುದಿನ ಚುನಾವಣಾ ಅಧಿಕಾರಿಗಳು ಸಾಫ್ಟ್‌ವೇರ್ ದೋಷದಿಂದ ತಪ್ಪಾಗಿದೆ ಎಂದು ಪ್ರಕಟಿಸಿ ಹಂಚಿಕೆ ಸರಿಪಡಿಸಿದರು. ಸಿಡಿಯು 41ಕ್ಕೂ ಎಎಫ್‌ಡಿ 40ಕ್ಕೂ ಇಳಿದವು; ಮಧ್ಯ-ಎಡಪಂಥೀಯ ಪಕ್ಷ ಎಸ್‌ಪಿಡಿ 9ರಿಂದ 10ಕ್ಕೂ ಗ್ರೀನ್ಸ್ 6ರಿಂದ 7ಕ್ಕೂ ಏರಿದವು. ಉಳಿದವರ ಸಂಖ್ಯೆ ಸರಿಯಾಗಿ 80 ಆಯಿತು. ತಡೆಬಲ ಹೋಯಿತು.

ಮತ ಒಂದೂ ಬದಲಾಗಿರಲಿಲ್ಲ. ಬದಲಾದದ್ದು ಭಾಗಾಕಾರ. ಮತಗಳನ್ನು ಸ್ಥಾನಗಳಾಗಿ ಪರಿವರ್ತಿಸಲು ಹಲವು ಸೂತ್ರಗಳಿವೆ. ಡಿ’ಹೊಂಟ್ ಸೂತ್ರದಲ್ಲಿ ಪ್ರತಿ ಪಕ್ಷದ ಮತವನ್ನು 1, 2, 3, 4 ಹೀಗೆ ಸಾಲಾಗಿ ಭಾಗಿಸುತ್ತ ಹೋಗುತ್ತಾರೆ. ಬಂದ ಭಾಗಲಬ್ಧಗಳಲ್ಲಿ ದೊಡ್ಡವು ಯಾವ ಪಕ್ಷದವೋ ಆ ಪಕ್ಷಕ್ಕೆ ಸ್ಥಾನ. ಸೇಂಟ್-ಲಗ್ವೆ ಸೂತ್ರದಲ್ಲಿ 1, 3, 5, 7 ಎಂದು ಬೆಸ ಸಂಖ್ಯೆಗಳಿಂದ ಭಾಗಿಸುತ್ತಾರೆ. ಮೊದಲನೆಯದು ದೊಡ್ಡ ಪಕ್ಷಗಳ ಕಡೆಗೆ ವಾಲುತ್ತದೆ, ಎರಡನೆಯದಕ್ಕೆ ಆ ವಾಲಿಕೆ ಇಲ್ಲ. ಸ್ಯಾಕ್ಸನಿ ಈ ಚುನಾವಣೆಗೆ ಮೊದಲು ತನ್ನ ಕಾಯ್ದೆ ತಿದ್ದಿ ಡಿ’ಹೊಂಟ್ ಬಿಟ್ಟು ಸೇಂಟ್-ಲಗ್ವೆಗೆ ಬಂದಿತ್ತು.

ಕಾಗದ ಪೆನ್ನು ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು. ಎಎಫ್‌ಡಿ ಪಡೆದದ್ದು ಶೇ 30.6, ಗ್ರೀನ್ಸ್ ಶೇ 5.1. ಪ್ರಶ್ನೆ ಇಷ್ಟೇ: ಒಂದು ಸ್ಥಾನ ಎಎಫ್‌ಡಿಯ 41ನೆಯದಾಗಬೇಕೋ, ಗ್ರೀನ್ಸ್‌ನ 7ನೆಯದಾಗಬೇಕೋ? ಹಳೆಯ ಸೂತ್ರದಂತೆ 30.6ನ್ನು 41ರಿಂದ ಭಾಗಿಸಿದರೆ 0.746, 5.1ನ್ನು 7ರಿಂದ ಭಾಗಿಸಿದರೆ 0.729. ಸ್ಥಾನ ಎಎಫ್‌ಡಿಗೆ. ಹೊಸ ಸೂತ್ರದಲ್ಲಿ 41ನೆಯ ಬೆಸ ಸಂಖ್ಯೆ 81, 7ನೆಯದು 13. 30.6ನ್ನು 81ರಿಂದ ಭಾಗಿಸಿದರೆ 0.378, 5.1ನ್ನು 13ರಿಂದ ಭಾಗಿಸಿದರೆ 0.392. ಸ್ಥಾನ ಗ್ರೀನ್ಸ್‌ಗೆ. ಮೊದಲು ಪ್ರಕಟವಾದ ಅಂಕಿಗಳು ಹಳೆಯ ಸೂತ್ರದ ಲೆಕ್ಕಕ್ಕೆ ತಾಳೆಯಾಗುತ್ತವೆ, ತಿದ್ದಿದ ಅಂಕಿಗಳು ಹೊಸ ಸೂತ್ರಕ್ಕೆ.

ಎಣಿಕೆ ಮುಗಿದ ಮೇಲೆ ಸ್ಥಾನ ಕಿತ್ತುಕೊಂಡರು ಎಂಬ ಮಾತಿಗೆ ಎಎಫ್‌ಡಿ ಬೆಂಬಲಿಗರಲ್ಲಿ ಸಹಜವಾಗಿಯೇ ಕಿವಿಗಳು ಸಿಕ್ಕವು. ಕಾನೂನು ಮತದಾನಕ್ಕೆ ಮೊದಲೇ ಬದಲಾಗಿತ್ತು, ಸಿಡಿಯು ಕೂಡ ಒಂದು ಸ್ಥಾನ ಕಳೆದುಕೊಂಡಿತ್ತು; ಆದ್ದರಿಂದ ಆರೋಪದಲ್ಲಿ ಹುರುಳಿಲ್ಲ. ಆದರೆ ಇಷ್ಟು ದೊಡ್ಡ ಪರಿಣಾಮವಿರುವ ಲೆಕ್ಕವನ್ನು ಎರಡು ಬಾರಿ ನೋಡದೆ ಪ್ರಕಟಿಸಿದ್ದು ಅನುಮಾನಕ್ಕೆ ತಾನಾಗಿಯೇ ಬಾಗಿಲು ತೆರೆದಂತಾಯಿತು.

ಬ್ರಾಂಡೆನ್‌ಬರ್ಗ್‌ನಲ್ಲಿ ತಿರುಗುಬಾಣ

ಮೂರು ವಾರಗಳ ನಂತರ, ಸೆಪ್ಟೆಂಬರ್ 22ರಂದು, ಬರ್ಲಿನ್ನನ್ನು ಸುತ್ತುವರಿದಿರುವ ಬ್ರಾಂಡೆನ್‌ಬರ್ಗ್‌ನಲ್ಲಿ ಮತದಾನ ನಡೆಯಿತು. ಎಸ್‌ಪಿಡಿಯ ಮುಖ್ಯಮಂತ್ರಿ ಡೀಟ್‌ಮಾರ್ ವೊಯ್ಡ್ಕೆ ಪ್ರಚಾರದಲ್ಲಿ ಒಂದೇ ಪಟ್ಟು ಹಿಡಿದಿದ್ದರು: ಎಎಫ್‌ಡಿ ಮೊದಲ ಸ್ಥಾನಕ್ಕೆ ಬಂದರೆ ತಾವು ಅಧಿಕಾರದಲ್ಲಿ ಮುಂದುವರಿಯುವುದಿಲ್ಲ. ಎಎಫ್‌ಡಿಯನ್ನು ತಡೆಯಬೇಕೆಂದಿದ್ದ ಇತರ ಪಕ್ಷಗಳ ಒಲವಿನ ಮತದಾರರು ಈ ಕರೆಗೆ ಓಗೊಟ್ಟು ಎಸ್‌ಪಿಡಿಗೆ ಮತ ಹಾಕಿದರು. ಎಸ್‌ಪಿಡಿ ಶೇ 30.9, ಎಎಫ್‌ಡಿ ಶೇ 29.2. ಗುರಿ ಈಡೇರಿತು.

ಈಗ ಪಟ್ಟಿಯ ಕೆಳತುದಿಗೆ ಬರೋಣ. ಗ್ರೀನ್ಸ್ ಶೇ 4.1ಕ್ಕೆ ನಿಂತು ಸದನದಿಂದ ಹೊರಬಿತ್ತು. ಎಡಪಕ್ಷ ಲಿಂಕೆ ಶೇ 3ಕ್ಕೆ ಕುಸಿದು ಅದೂ ಹೊರಗೆ. ಒಟ್ಟು ಶೇ 14ಕ್ಕೂ ಹೆಚ್ಚು ಮತ ಲೆಕ್ಕಕ್ಕೆ ಬಾರದೆ ಹೋಯಿತು. ಉಳಿದ ನಾಲ್ಕೇ ಪಕ್ಷಗಳು 88 ಸ್ಥಾನಗಳನ್ನು ಹಂಚಿಕೊಂಡವು: ಎಸ್‌ಪಿಡಿ 32, ಎಎಫ್‌ಡಿ 30, ಬಿಎಸ್‌ಡಬ್ಲ್ಯು 14, ಸಿಡಿಯು 12. ಮೂರನೇ ಎರಡಕ್ಕೆ 59 ಬೇಕು. ಎಎಫ್‌ಡಿ ಹೊರತುಪಡಿಸಿ ಉಳಿದವರು 58. ಒಂದು ಸ್ಥಾನದ ಕೊರತೆಯಿಂದ ಎಎಫ್‌ಡಿಗೆ ತಡೆಬಲ ದಕ್ಕಿತು.

ಗ್ರೀನ್ಸ್‌ಗೆ ಇನ್ನು ಶೇ 0.9ರಷ್ಟು ಮತ ಎಸ್‌ಪಿಡಿಯಿಂದ ಮರಳಿ ಬಂದಿದ್ದರೆ ಏನಾಗುತ್ತಿತ್ತು? ಎಸ್‌ಪಿಡಿ ಶೇ 30ಕ್ಕೆ ಇಳಿದರೂ ಎಎಫ್‌ಡಿಗಿಂತ ಮುಂದೆಯೇ ಇರುತ್ತಿತ್ತು. ಲೆಕ್ಕಕ್ಕೆ ಬರುವ ಮತಗಳು ಶೇ 85.7ರಿಂದ ಶೇ 89.8ಕ್ಕೆ ಏರುತ್ತಿದ್ದವು. ಎಎಫ್‌ಡಿಯ ಶೇ 29.2 ಮತಕ್ಕೆ ಸದನದ ಶೇ 32.5ರಷ್ಟು, ಅಂದರೆ 28 ಅಥವಾ 29 ಸ್ಥಾನ ಸಿಗುತ್ತಿತ್ತು. ತಡೆಬಲಕ್ಕೆ 30 ಬೇಕಿತ್ತು. ಎಎಫ್‌ಡಿ ಮೊದಲ ಸ್ಥಾನಕ್ಕೆ ಬಾರದಿರಲಿ ಎಂದು ಗ್ರೀನ್ಸ್ ತೊರೆದು ಹೋದ ಮತಗಳೇ, ಅವರಿಗೆ ಗೊತ್ತಿಲ್ಲದಂತೆ, ಅದಕ್ಕೆ ತಡೆಬಲ ತಂದುಕೊಟ್ಟವು. ಕ್ಷೇತ್ರವಾರು ಗೆಲುವಿನ ಪದ್ಧತಿಯಲ್ಲಿ ಬಲಶಾಲಿ ಎದುರಾಳಿಯ ಹಿಂದೆ ಒಟ್ಟಾಗುವುದು ಸರಿಯಾದ ತಂತ್ರ. ಇಲ್ಲಿ ಅದೇ ತಂತ್ರ ತಿರುಗುಬಾಣವಾಯಿತು. ಮೊದಲ ಸ್ಥಾನಕ್ಕೆ ಯಾವ ಕಾನೂನಾತ್ಮಕ ಬೆಲೆಯೂ ಇರಲಿಲ್ಲ, ಮೂರನೇ ಒಂದು ಭಾಗಕ್ಕೆ ಇತ್ತು.

ಎರ್‌ಫುರ್ಟ್ ಸದನದ ಆ ಗುರುವಾರ

ಮೊದಲ ಸ್ಥಾನಕ್ಕೆ ಬೆಲೆ ಎಷ್ಟು ಎಂಬ ಪ್ರಶ್ನೆ ಥೂರಿಂಗಿಯದಲ್ಲಿ ಮೊದಲ ಅಧಿವೇಶನದಲ್ಲೇ ಸ್ಫೋಟಿಸಿತು. ರಾಜಧಾನಿ ಎರ್‌ಫುರ್ಟ್‌ನಲ್ಲಿ 2024ರ ಸೆಪ್ಟೆಂಬರ್ 26ರಂದು ಸದನ ಸೇರಿತು. ಸ್ಪೀಕರ್ ಆಯ್ಕೆಯಾಗುವವರೆಗೆ ಹಿರಿಯ ವಯಸ್ಸಿನ ಸದಸ್ಯರು ಸಭೆ ನಡೆಸುವುದು ವಾಡಿಕೆ. ಆ ಸ್ಥಾನ ಎಎಫ್‌ಡಿಯ ಯೂರ್ಗೆನ್ ಟ್ರಾಯ್ಟ್ಲರ್ ಅವರಿಗೆ ಬಂತು. ಸ್ಪೀಕರ್ ಹುದ್ದೆಗೆ ಹೆಸರು ಸೂಚಿಸುವ ಹಕ್ಕು ಅತಿದೊಡ್ಡ ಪಕ್ಷದ್ದು ಎಂದು ಆಗಿನ ನಡಾವಳಿ ನಿಯಮ ಹೇಳುತ್ತಿತ್ತು. ಎಲ್ಲ ಪಕ್ಷಗಳಿಗೂ ಆ ಹಕ್ಕು ಸಿಗುವಂತೆ ನಿಯಮ ತಿದ್ದೋಣ ಎಂದು ಸಿಡಿಯು ಮತ್ತು ಬಿಎಸ್‌ಡಬ್ಲ್ಯು ಪ್ರಸ್ತಾವ ತಂದವು. ಮೊದಲು ಸ್ಪೀಕರ್ ಆಯ್ಕೆ, ಉಳಿದದ್ದೆಲ್ಲ ಆಮೇಲೆ ಎಂದ ಟ್ರಾಯ್ಟ್ಲರ್ ಪ್ರಸ್ತಾವವನ್ನು ಮತಕ್ಕೆ ಹಾಕಲಿಲ್ಲ. ಕೂಗಾಟ, ಮುಂದೂಡಿಕೆ, ಮತ್ತೆ ಕೂಗಾಟ. ದಿನ ಮುಗಿದರೂ ಸ್ಪೀಕರ್ ಆಯ್ಕೆಯಾಗಲಿಲ್ಲ.

ಸಿಡಿಯು ರಾಜ್ಯದ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು. ಸದನ ತನ್ನ ನಿಯಮಗಳನ್ನು ಸ್ಪೀಕರ್ ಆಯ್ಕೆಗೆ ಮೊದಲೂ ತಿದ್ದಬಹುದು, ಹಿರಿಯ ಸದಸ್ಯರು ಅದಕ್ಕೆ ಅಡ್ಡಿಯಾಗುವಂತಿಲ್ಲ ಎಂದು ನ್ಯಾಯಾಲಯ ಮರುದಿನವೇ ಹೇಳಿತು. ಶನಿವಾರ ಸಿಡಿಯುನ ಥಡೆಯುಸ್ ಕ್ಯೋನಿಗ್ 54 ಮತಗಳಿಂದ ಸ್ಪೀಕರ್ ಆದರು. 2018ರ ಮೇ ತಿಂಗಳಲ್ಲಿ ಕೆ.ಜಿ. ಬೋಪಯ್ಯ ಅವರನ್ನು ಹಂಗಾಮಿ ಸ್ಪೀಕರ್ ಆಗಿ ನೇಮಿಸಿದ್ದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದನ್ನು ಬಲ್ಲ ಕನ್ನಡ ಓದುಗರಿಗೆ ಇದೇನೂ ಅಪರಿಚಿತ ದೃಶ್ಯವಲ್ಲ. ಬಹುಮತ ಯಾರಿಗೂ ಇಲ್ಲದಿದ್ದಾಗ ಎರಡು ದಿನದ ಹುದ್ದೆಗೂ ಎಲ್ಲಿಲ್ಲದ ಬೆಲೆ ಬರುತ್ತದೆ.

ಎರಡು ವಾದಗಳು, ಮೂರನೆಯದೊಂದು ಕಸಿವಿಸಿ

ಎಎಫ್‌ಡಿಯ ವಾದ ಸರಳ. ಜನ ತಮ್ಮನ್ನು ಮೊದಲ ಸ್ಥಾನಕ್ಕೆ ತಂದಿದ್ದಾರೆ. ಮೂವರಲ್ಲಿ ಒಬ್ಬ ಮತದಾರ ತಮ್ಮ ಜೊತೆಗಿದ್ದಾನೆ. ಸೋತ ಪಕ್ಷಗಳೆಲ್ಲ ಸೇರಿಕೊಂಡು ಜನಾದೇಶವನ್ನು ತಳ್ಳಿಹಾಕುತ್ತಿವೆ. ಉಳಿದವರ ಉತ್ತರವೂ ಅಷ್ಟೇ ನೇರ. ಮೂವರಲ್ಲಿ ಇಬ್ಬರು ಎಎಫ್‌ಡಿಗೆ ಮತ ಹಾಕಿಲ್ಲ. ಸಂಸದೀಯ ವ್ಯವಸ್ಥೆಯಲ್ಲಿ ಸರ್ಕಾರ ನಡೆಸುವುದು ಸದನದ ಬಹುಮತವೇ ಹೊರತು ಅತಿದೊಡ್ಡ ಪಕ್ಷವಲ್ಲ. ಅದಲ್ಲದೆ ಥೂರಿಂಗಿಯದ ಎಎಫ್‌ಡಿ ಘಟಕವನ್ನು ಸಂವಿಧಾನ ರಕ್ಷಣೆಯ ರಾಜ್ಯ ಗುಪ್ತಚರ ಸಂಸ್ಥೆ 2021ರಲ್ಲೇ ಖಚಿತ ಬಲಪಂಥೀಯ ಉಗ್ರವಾದಿ ಸಂಘಟನೆ ಎಂದು ವರ್ಗೀಕರಿಸಿದೆ. ಅದರೊಂದಿಗೆ ಕೈಜೋಡಿಸದಿರುವ ಉಳಿದ ಪಕ್ಷಗಳ ನಿಲುವಿಗೆ ಅಲ್ಲಿನ ರಾಜಕೀಯದಲ್ಲಿ ‘ಬೆಂಕಿತಡೆ ಗೋಡೆ’ ಎಂಬ ಹೆಸರಿದೆ.

ನಿಯಮದ ದೃಷ್ಟಿಯಿಂದ ನೋಡಿದರೆ ಎರಡನೆಯ ವಾದವೇ ಸರಿ. 2018ರಲ್ಲಿ ಕರ್ನಾಟಕದಲ್ಲಿ 104 ಸ್ಥಾನ ಪಡೆದ ಬಿಜೆಪಿಯ ಸರ್ಕಾರ ಮೂರು ದಿನಕ್ಕೇ ಇಳಿದು ಕಾಂಗ್ರೆಸ್-ಜೆಡಿಎಸ್ ಸರ್ಕಾರ ಬಂದಾಗಲೂ ಕೆಲಸ ಮಾಡಿದ್ದು ಇದೇ ತತ್ವ. ಜನಾದೇಶ ಎಂಬ ಮಾತನ್ನು ಅಂದೂ ಎರಡು ಕಡೆಯವರೂ ಧಾರಾಳವಾಗಿ ಬಳಸಿದರು.

ಕಸಿವಿಸಿ ಇರುವುದು ಬೇರೆಡೆ. ಒಂದು ದೊಡ್ಡ ಪಕ್ಷವನ್ನು ಹೊರಗಿಟ್ಟರೆ ಉಳಿದವರು ಒಗ್ಗೂಡಲೇಬೇಕು, ಅವರ ಮಧ್ಯೆ ಏನೂ ಹೊಂದಾಣಿಕೆ ಇಲ್ಲದಿದ್ದರೂ. ಥೂರಿಂಗಿಯದಲ್ಲಿ ಸಿಡಿಯು, ಬಿಎಸ್‌ಡಬ್ಲ್ಯು, ಎಸ್‌ಪಿಡಿ ಸೇರಿ ಸರ್ಕಾರ ರಚಿಸಿದವು. ಬಿಎಸ್‌ಡಬ್ಲ್ಯು ಎಂಬುದು ಸಾರಾ ವಾಗೆನ್‌ಕ್ನೆಷ್ಟ್ ಲಿಂಕೆ ಪಕ್ಷ ತೊರೆದು 2024ರ ಜನವರಿಯಲ್ಲಿ ಕಟ್ಟಿದ ಪಕ್ಷ. ಎಂಟು ತಿಂಗಳ ಕೂಸು. ಇಷ್ಟಾದರೂ ಮೂವರ ಒಟ್ಟು ಬಲ 88ರಲ್ಲಿ 44, ಸರಿಯಾಗಿ ಅರ್ಧ. ಒಂದು ಮಸೂದೆ ಗೆಲ್ಲಿಸಬೇಕಾದರೂ ಲಿಂಕೆಯ ಕೃಪೆ ಬೇಕು. ಸಿಡಿಯುನ 2018ರ ರಾಷ್ಟ್ರೀಯ ನಿರ್ಣಯವೋ ಎಎಫ್‌ಡಿ ಮತ್ತು ಲಿಂಕೆ ಎರಡರೊಂದಿಗೂ ಮೈತ್ರಿ ಕೂಡದು ಎನ್ನುತ್ತದೆ. ಹೀಗಾಗಿ ಲಿಂಕೆಯೊಂದಿಗೆ ನಡೆಯುವ ಮಾತುಕತೆಗೆ ಮೈತ್ರಿ ಎಂಬ ಹೆಸರು ಇಡದೆ ಕೆಲಸ ಸಾಗಿಸಬೇಕು. ಡಿಸೆಂಬರ್ 12ರಂದು ಮಾರಿಯೊ ಫೋಯ್ಗ್ಟ್ 51 ಮತ ಪಡೆದು ಮುಖ್ಯಮಂತ್ರಿಯಾದರು; ತಮ್ಮ ಮೈತ್ರಿಕೂಟದ ಬಲಕ್ಕಿಂತ ಏಳು ಹೆಚ್ಚು. ಸ್ಯಾಕ್ಸನಿಯಲ್ಲಿ ಸಿಡಿಯು-ಎಸ್‌ಪಿಡಿ ಸರ್ಕಾರದ ಬಲ 120ರಲ್ಲಿ 51 ಮಾತ್ರ. ಮಿಖಾಯೆಲ್ ಕ್ರೆಚ್ಮರ್ ಎರಡನೆಯ ಸುತ್ತಿನಲ್ಲಿ ಮುಖ್ಯಮಂತ್ರಿಯಾಗಿ, ಪ್ರತಿ ಮಸೂದೆಗೂ ಬೆಂಬಲ ಹುಡುಕುತ್ತ ಅಲ್ಪಮತದ ಸರ್ಕಾರ ನಡೆಸಬೇಕಾಯಿತು.

ಇಂಥ ಸರ್ಕಾರಗಳು ದೊಡ್ಡ ನಿರ್ಧಾರ ತೆಗೆದುಕೊಳ್ಳಲು ಹಿಂಜರಿಯುತ್ತವೆ. ಅತೃಪ್ತಿ ಬೆಳೆದಾಗ, ಅತ್ತ ಸರ್ಕಾರದಲ್ಲೂ ಇಲ್ಲದೆ ಇತ್ತ ಅದಕ್ಕೆ ಬೆಂಬಲವನ್ನೂ ಕೊಡದೆ ನಿಂತ ಪಕ್ಷ ಒಂದೇ ಆಗಿರುತ್ತದೆ. ಗೋಡೆಯ ಟೀಕಾಕಾರರು, ಸಿಡಿಯು ಒಳಗಿನ ಕೆಲವರೂ ಸೇರಿ, ಹೇಳುವುದು ಇದನ್ನೇ: ಹೊರಗಿಟ್ಟಷ್ಟೂ ಅದು ಬೆಳೆಯುತ್ತದೆ. ಒಳಗೆ ಬಿಟ್ಟುಕೊಂಡರೆ ಕುಗ್ಗುತ್ತದೆ ಎಂಬುದಕ್ಕೆ ಆಧಾರವೇನು ಎಂದು ಕೇಳಿದರೆ ಅವರ ಬಳಿಯೂ ಗಟ್ಟಿ ಉತ್ತರವಿಲ್ಲ. ನೆರೆಯ ಆಸ್ಟ್ರಿಯಾದಲ್ಲಿ ಬಲಪಂಥೀಯ ಎಫ್‌ಪಿಯೊ ಹಲವು ಬಾರಿ ಸರ್ಕಾರದಲ್ಲಿ ಕುಳಿತಿದೆ, ಕುಸಿದಿದೆ, 2024ರಲ್ಲಿ ಮೊದಲ ಸ್ಥಾನಕ್ಕೂ ಬಂದಿದೆ.

ಗೋಡೆ ಒಮ್ಮೆ ಬಿರಿದಾಗ

ಸಂಖ್ಯೆಗಳ ಆಟದಲ್ಲಿ ಎಎಫ್‌ಡಿ ಪಳಗಿದ್ದು ಇಂದು ನಿನ್ನೆಯಲ್ಲ. 2019ರ ಥೂರಿಂಗಿಯ ಚುನಾವಣೆಯಲ್ಲಿ ಎಫ್‌ಡಿಪಿ ಕೇವಲ 73 ಮತಗಳ ಅಂತರದಲ್ಲಿ ಶೇ 5ರ ಗೆರೆ ದಾಟಿ 5 ಸ್ಥಾನ ಪಡೆದಿತ್ತು. 2020ರ ಫೆಬ್ರುವರಿ 5ರಂದು ಮುಖ್ಯಮಂತ್ರಿ ಆಯ್ಕೆಯ ಮೊದಲ ಎರಡು ಸುತ್ತಿನಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಮೂರನೆಯ ಸುತ್ತಿನಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಆ ಸುತ್ತಿಗೆ ಎಫ್‌ಡಿಪಿಯ ಥಾಮಸ್ ಕೆಮ್ಮರಿಷ್ ಕಣಕ್ಕಿಳಿದರು. ಎಣಿಕೆಯಾದಾಗ ಲಿಂಕೆಯ ಬೊಡೊ ರಾಮೆಲೊ 44, ಕೆಮ್ಮರಿಷ್ 45, ಎಎಫ್‌ಡಿಯ ಸ್ವಂತ ಅಭ್ಯರ್ಥಿ ಸೊನ್ನೆ. ಪಕ್ಷ ತನ್ನ ಅಭ್ಯರ್ಥಿಯನ್ನೇ ಕೈಬಿಟ್ಟು ಎಲ್ಲ ಮತಗಳನ್ನೂ ಕೆಮ್ಮರಿಷ್‌ಗೆ ತಿರುಗಿಸಿತ್ತು. ದೇಶವ್ಯಾಪಿ ಆಕ್ರೋಶದ ನಡುವೆ ಕೆಮ್ಮರಿಷ್ ಮೂರೇ ದಿನದಲ್ಲಿ ರಾಜೀನಾಮೆ ನೀಡಿದರು. 73 ಮತಗಳಿಂದ ಒಳಬಂದ ಪಕ್ಷದ ಮೂಲಕ ಗೋಡೆ ಬಿರಿಯಿತು. ಗೆರೆಯ ಆಚೆ ಈಚೆ ಇರುವುದಕ್ಕೆ ಇದಕ್ಕಿಂತ ದೊಡ್ಡ ಬೆಲೆ ಹುಡುಕುವುದು ಕಷ್ಟ.

ತಡೆಬಲದ ದಿನನಿತ್ಯದ ಬಳಕೆ ಇಷ್ಟು ನಾಟಕೀಯವಲ್ಲ. ಥೂರಿಂಗಿಯದಲ್ಲಿ ನ್ಯಾಯಾಧೀಶರ ಆಯ್ಕೆ ಸಮಿತಿಗೆ ಸದನದಿಂದ ಹೋಗುವ ಸದಸ್ಯರನ್ನೂ ಮೂರನೇ ಎರಡರ ಬೆಂಬಲದಿಂದಲೇ ಆರಿಸಬೇಕು. ಎಎಫ್‌ಡಿ ಒಪ್ಪಿಗೆ ತಡೆಹಿಡಿದು ಸದನದ ಹುದ್ದೆಗಳಿಗಾಗಿ ಚೌಕಾಸಿಗೆ ಕುಳಿತರೆ ಉಳಿದವರಿಗೆ ಸುತ್ತುದಾರಿ ಇಲ್ಲ. ಒಕ್ಕೂಟ ಮಟ್ಟದಲ್ಲಿ ಇದನ್ನು ಮುಂಚೆಯೇ ಗ್ರಹಿಸಿದರು: ಕೇಂದ್ರ ಸಾಂವಿಧಾನಿಕ ನ್ಯಾಯಾಲಯದ ನ್ಯಾಯಾಧೀಶರ ಸಂಖ್ಯೆ 16, ಅವಧಿ 12 ವರ್ಷ ಮುಂತಾದ ನಿಯಮಗಳನ್ನು 2024ರ ಡಿಸೆಂಬರ್‌ನಲ್ಲಿ ನೇರವಾಗಿ ಸಂವಿಧಾನಕ್ಕೇ ಸೇರಿಸಿದರು. ಅಲ್ಲಿ ಆಗ ಬೇಕಾದ ಬೆಂಬಲವಿತ್ತು.

ಶೇ 42ಕ್ಕೆ ಬಹುಮತ ಹೇಗೆ?

ಈಗ ಮೂರನೆಯ ಗೆರೆ. ಸ್ಯಾಕ್ಸನಿ-ಅನ್‌ಹಾಲ್ಟ್ ಸದನದ ಮೂಲ ಬಲ 83, ಬಹುಮತಕ್ಕೆ 42. ಕಳೆದ ಬಾರಿ, 2021ರಲ್ಲಿ, ಸಿಡಿಯು ಶೇ 37.1, ಎಎಫ್‌ಡಿ ಶೇ 20.8, ಎಸ್‌ಪಿಡಿ ಶೇ 8.4, ಎಫ್‌ಡಿಪಿ ಶೇ 6.4, ಗ್ರೀನ್ಸ್ ಶೇ 5.9 ಮತ ಪಡೆದಿದ್ದವು. ಕೊನೆಯ ಮೂರು ಪಕ್ಷಗಳೂ ಗೆರೆಗೆ ಹತ್ತಿರದಲ್ಲೇ ಇದ್ದವು ಎಂಬುದನ್ನು ಗಮನಿಸಿ.

ಎಎಫ್‌ಡಿಗೆ ಶೇ 42 ಮತ ಬಿತ್ತು ಎಂದು ಊಹಿಸೋಣ. ಗೆರೆ ದಾಟದವರ ಮತ ಶೇ 9 ಆದರೆ, ಉಳಿದ 91ರಲ್ಲಿ 42 ಎಂದರೆ ಸದನದ ಶೇ 46, ಸುಮಾರು 38 ಸ್ಥಾನ. ಸರ್ಕಾರ ಇಲ್ಲ. ಗೆರೆ ದಾಟದವರ ಮತ ಶೇ 17 ಆದರೆ, ಉಳಿದ 83ರಲ್ಲಿ 42. ಸ್ಥಾನವೂ 83ರಲ್ಲಿ 42. ಒಂಟಿಯಾಗಿ ಸರ್ಕಾರ. ಎರಡೂ ಸಂದರ್ಭದಲ್ಲಿ ಎಎಫ್‌ಡಿಗೆ ಬಿದ್ದ ಮತ ಅಷ್ಟೇ. ನಿರ್ಧಾರ ಮಾಡುವುದು ಎರಡು ಮೂರು ಸಣ್ಣ ಪಕ್ಷಗಳು ಶೇ 4.8ಕ್ಕೆ ನಿಲ್ಲುತ್ತವೋ ಶೇ 5.1ಕ್ಕೆ ತಲುಪುತ್ತವೋ ಎಂಬುದು. ಮೊದಲು ಹೇಳಿದ ಎರಡು ಮಾತುಗಳೂ ಏಕಕಾಲಕ್ಕೆ ನಿಜವಾಗುವುದು ಈ ಕಾರಣಕ್ಕೆ.

ರಾಜ್ಯದ ಆಚೆಗಿನ ಪರಿಣಾಮ

ಸಂಸತ್ತಿನಲ್ಲಿ ರಾಜ್ಯ ಸರ್ಕಾರಗಳು ಕೂರುವ ‘ಬುಂಡೆಸ್‌ರಾಟ್’ ಸಭೆಯಲ್ಲಿ 69 ಮತಗಳಿವೆ. ಸ್ಯಾಕ್ಸನಿ-ಅನ್‌ಹಾಲ್ಟ್‌ನದು ನಾಲ್ಕು. ನಮ್ಮ ರಾಜ್ಯಸಭೆಯಂತೆ ಅಲ್ಲಿ ಸದಸ್ಯರು ಬೇರೆ ಬೇರೆ ಮತ ಹಾಕುವಂತಿಲ್ಲ. ನಾಲ್ಕೂ ಮತ ಸರ್ಕಾರ ಹೇಳಿದ ಕಡೆಗೇ ಬೀಳಬೇಕು. 69ರಲ್ಲಿ ನಾಲ್ಕರಿಂದ ಯಾವ ಕೇಂದ್ರ ಮಸೂದೆಯೂ ತಾನಾಗಿ ಬಿದ್ದುಹೋಗದು. ಆದರೆ ಪೊಲೀಸ್ ಮತ್ತು ಗುಪ್ತಚರ ವಿಷಯಗಳಲ್ಲಿ ರಾಜ್ಯಗಳ ನಡುವೆ ಮಾಹಿತಿ ವಿನಿಮಯವಾಗುತ್ತದೆ, ಗೃಹ ಸಚಿವರು ಒಟ್ಟಿಗೆ ಕೂರುತ್ತಾರೆ. ಒಂದು ರಾಜ್ಯದ ಗುಪ್ತಚರ ಸಂಸ್ಥೆ ಯಾವ ಪಕ್ಷದ ಮೇಲೆ ಕಣ್ಣಿಟ್ಟಿದೆಯೋ ಆ ಪಕ್ಷವೇ ಅದರ ಮೇಲಧಿಕಾರಿಯಾದರೆ ಈ ವ್ಯವಸ್ಥೆ ಹೇಗೆ ನಡೆಯಬೇಕು ಎಂಬುದಕ್ಕೆ ಪೂರ್ವನಿದರ್ಶನವಿಲ್ಲ.

ರಾಜಧಾನಿ ಮ್ಯಾಗ್ಡೆಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಭಾರತದಿಂದ ಹೋದ ವಿದ್ಯಾರ್ಥಿಗಳ ಸಂಖ್ಯೆ ಗಣನೀಯವಾಗಿದೆ. ವಿದೇಶಿಯರಿಗೆ ರಾಜ್ಯ ಚುನಾವಣೆಯಲ್ಲಿ ಮತವಿಲ್ಲ. ವೀಸಾ ನಿಯಮಗಳನ್ನು ಮಾಡುವುದು ಕೇಂದ್ರ. ಆದರೆ ವಾಸದ ಪರವಾನಗಿ ನವೀಕರಿಸುವ ಕಚೇರಿಗಳು ಸ್ಥಳೀಯ ಆಡಳಿತದ ಕೈಯಲ್ಲಿ, ರಾಜ್ಯದ ಮೇಲ್ವಿಚಾರಣೆಯಲ್ಲಿವೆ. ವಿಶ್ವವಿದ್ಯಾಲಯಕ್ಕೆ ಹಣ ಕೊಡುವುದೂ ರಾಜ್ಯವೇ. ಸರ್ಕಾರ ಬದಲಾದರೆ ಕಾನೂನಿಗಿಂತ ಮೊದಲು ಬದಲಾಗುವುದು ಕಚೇರಿಯ ಧೋರಣೆ.

ಇನ್ನು ಅಲ್ಲಿನ ಮತದಾರರ ಇಕ್ಕಟ್ಟು. ಗ್ರೀನ್ಸ್ ಅಥವಾ ಎಸ್‌ಪಿಡಿ ಕಡೆಗೆ ಒಲವಿದ್ದು, ಎಎಫ್‌ಡಿ ಸರ್ಕಾರ ಬೇಡ ಎನ್ನುವವರು ಏನು ಮಾಡಬೇಕು? ಬಲವಾದ ಎದುರಾಳಿ ಎಂದು ಸಿಡಿಯುಗೆ ಮತ ಹಾಕಿ, ತಮ್ಮ ಪಕ್ಷ ಶೇ 4.8ಕ್ಕೆ ನಿಂತರೆ, ಬ್ರಾಂಡೆನ್‌ಬರ್ಗ್‌ನಲ್ಲಿ ಆದದ್ದೇ ಆಗುತ್ತದೆ, ಈ ಬಾರಿ ತಡೆಬಲದ ಬದಲು ಬಹುಮತವೇ ಪಣಕ್ಕಿರುತ್ತದೆ. ತಮ್ಮ ಪಕ್ಷಕ್ಕೇ ನಿಷ್ಠರಾಗಿ ಉಳಿದು ಅದು ಶೇ 3.5ಕ್ಕೆ ಕುಸಿದರೆ, ಆ ಮತ ಎಣಿಕೆಯಾಗಿಯೂ ಲೆಕ್ಕಕ್ಕೆ ಬಾರದು. ಸರಿಯಾದ ಉತ್ತರ ತಮ್ಮಂತೆಯೇ ಯೋಚಿಸುವ ಉಳಿದವರು ಏನು ಮಾಡುತ್ತಾರೆ ಎಂಬುದನ್ನು ಅವಲಂಬಿಸಿದೆ. ಅದನ್ನು ತಿಳಿಯಲು ಅವರ ಬಳಿ ಇರುವುದು ಸಮೀಕ್ಷೆಗಳು ಮಾತ್ರ. ಸಮೀಕ್ಷೆಗಳ ದೋಷದ ಅಂತರವೋ ಶೇ 4.8 ಮತ್ತು ಶೇ 5.1ರ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು.